ಗುರುಪಾದಸ್ವಾಮಿ ಕಟ್ಟಿದ ಬೆಕ್ಕಿನ ಮನೆ

ಗುರುಪಾದಸ್ವಾಮಿ ಹೋದ ಗುರುವಾರ ಬೆಳಗ್ಗೆ ತೀರಿಕೊಂಡ. ವಯಸ್ಸು ನಲವತ್ತೊಂದು. ಮಣ್ಣು ಮಾಡಿ ಬರುವಾಗ ನನ್ನ ಹಿಂದೆ ನಡೆಯುತ್ತಿದ್ದ ಚಿಕ್ಕಮಾದಯ್ಯ ಪಕ್ಕದವನಿಗೆ, "ನೆನ್ನೆ ಬೆಕ್ಕು, ಇವತ್ತು ಅವ್ನು. ಔಸ್ದಿ ಇಬ್ರುನ್ನೂ ತಿಂತು ಕಣ್ಲಾ" ಎಂದ. ಅವನನ್ನು ಕೊಂದದ್ದು ಚಳಿಜ್ವರ, ಔಷಧಿಯಲ್ಲ. ಅಲ್ಲೇ ತಿರುಗಿ ನಿಂತು ಹಾಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ; ನಂಬದ ಹಾಗೆ ಮಾಡಿದ್ದರಲ್ಲಿ ನನ್ನ ಪಾಲೂ ಇದೆ.

ನಮ್ಮೂರು ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆ ಹೋಗುವ ದಾರಿಯಲ್ಲಿದೆ. ಕಾಡು ಹತ್ತಿರ, ಹಳ್ಳ ಇನ್ನೂ ಹತ್ತಿರ. ಮಳೆ ಹಿಡಿದರೆ ಮನೆಗೊಬ್ಬರು ಕಂಬಳಿ ಹೊದ್ದು ನಡುಗುವುದು ಇಲ್ಲಿ ಮಾಮೂಲು. ಗುರುಪಾದ, ನಾನು ಒಂದೇ ಬೆಂಚಿನಲ್ಲಿ ಓದಿದವರು. ನಾನು ಇಲ್ಲಿಯ ಸ್ಕೂಲಿಗೆ ಮೇಷ್ಟ್ರಾದೆ. ಅವನು ಪೇಟೆಯ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದ. ಐವತ್ತೊಂದನೇ ಇಸವಿಯಲ್ಲಿ ಅವನ ಒಬ್ಬಳೇ ಮಗಳು ಮಂಗಳಗೌರಿ, ಆರು ವರ್ಷದವಳು, ಚಳಿಜ್ವರದಲ್ಲಿ ಹೋದಳು. ಮೂರು ವರ್ಷದ ಮೇಲೆ ಮಲೇರಿಯಾ ಕೆಲಸಕ್ಕೆ, ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆಯಲು ಜನ ಬೇಕು ಎಂದು ಕೇಳಿದ ದಿನವೇ ಅವನು ಅಂಗಡಿ ಬಿಟ್ಟು ಪಂಪು ಹೊತ್ತ.

ಮಗಳು ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದ ಬಿಳಿ ಬೆಕ್ಕೊಂದು ಮನೆಯಲ್ಲಿ ಉಳಿದಿತ್ತು. ಬೀದಿಯ ನಾಯಿಗಳಿಗೆ ಹೆದರಿ ಅವನ ಹೆಂಡತಿ ಗಂಗಾಂಬಿಕೆ ಅದನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಗೌರಿ ಬಿಟ್ಟುಹೋದದ್ದು ಅದೊಂದೇ ಎಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೊದಲ ಸಲ ಔಷಧಿ ಹೊಡೆದ ವರ್ಷ ಗಂಗಾಂಬಿಕೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ತವರಾದ ಚಾಮರಾಜನಗರದಲ್ಲಿದ್ದಳು. ಊರಲ್ಲಿ ಒಂದು ತಿಂಗಳೊಳಗೆ ಹನ್ನೊಂದು ಬೆಕ್ಕು ನಡುಗಿ ನಡುಗಿ ಸತ್ತವು. ಕೆಲಸ ಕಲಿಸಿದವರು ಈ ಔಷಧಿ ಮನುಷ್ಯರಿಗೂ ದನಕರುಗಳಿಗೂ ಏನೂ ಮಾಡುವುದಿಲ್ಲ ಎಂದಿದ್ದರು. ಬೆಕ್ಕಿನ ಮಾತು ಯಾರೂ ಎತ್ತಿರಲಿಲ್ಲ. ಬೆಕ್ಕು ಗೋಡೆಗೆ ಮೈಯುಜ್ಜುತ್ತದೆ, ಆಮೇಲೆ ಮೈ ನೆಕ್ಕುತ್ತದೆ. ನಾವಿಬ್ಬರೂ ಕೂತು ಯೋಚಿಸಿದಾಗ ಹೊಳೆದದ್ದು ಅಷ್ಟೇ.

ಅದೇ ವಾರ ಪಕ್ಕದ ಮನೆಯ ಸಣ್ಣತಾಯಮ್ಮ ಸತ್ತ ಬೆಕ್ಕನ್ನು ಮೊರದಲ್ಲಿಟ್ಟುಕೊಂಡು ಬಂದಳು. "ನಿನ್ನ ಔಸ್ದಿ ತಾನೇ ಗುರುಪಾದಪ್ಪ?"

"ಅಲ್ಲ ಕಣವ್ವ. ನೀನು ಇಲಿಗೆ ಪಾಷಾಣ ಇಟ್ಟಿದ್ದೆಯಲ್ಲ, ಅದನ್ನೇ ತಿಂದಿರಬೇಕು."

ಹೀಗೆ ಹೇಳು ಎಂದು ಅವನಿಗೆ ಹೇಳಿಕೊಟ್ಟವನು ನಾನು. ಹೌದು ಎಂದರೆ ಮುಂದಿನ ವರ್ಷ ಒಂದು ಬಾಗಿಲೂ ತೆರೆಯುವುದಿಲ್ಲ, ಮಕ್ಕಳು ಸಾಯುತ್ತವೆ ಎಂದು ವಾದಿಸಿದೆ. ಬೆಕ್ಕು ಕೊಂದರೆ ಕಾಶಿಯಲ್ಲಿ ಚಿನ್ನದ ಬೆಕ್ಕು ದಾನ ಮಾಡಿದರೂ ಪಾಪ ಕಳೆಯುವುದಿಲ್ಲ ಎಂದು ನಂಬುವ ಊರಿದು. ಸಣ್ಣತಾಯಮ್ಮನಿಗೆ ಕಾಶಿ ಎಲ್ಲಿಯದು? ತಾನಿಟ್ಟ ಪಾಷಾಣವೇ ಬೆಕ್ಕನ್ನು ಕೊಂದಿತೆಂದು ನಂಬಿ ಒಂದು ವರ್ಷ ಸೋಮವಾರ ಒಪ್ಪೊತ್ತು ಮಾಡಿದಳು. ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದಳು. ಅವಳು ಹೊರಟದ್ದನ್ನು ನಾವಿಬ್ಬರೂ ಜಗಲಿಯ ಮೇಲೆ ಕೂತು ನೋಡಿದೆವು.

ಈ ವರ್ಷ ತವರಿನ ಗೋಡೆಗೂ ಔಷಧಿ ಬಿದ್ದಿತ್ತು. ಬೆಕ್ಕನ್ನು ಎಲ್ಲಿಗೂ ಕಳಿಸುವಂತಿರಲಿಲ್ಲ. ಮಳೆಗಾಲ ಮುಗಿಯುವವರೆಗೆ ಅದನ್ನು ಹಿತ್ತಲಲ್ಲೇ ಇಡುವುದೆಂದು ಗುರುಪಾದ ಹೊಂಗೆ ಮರದ ಕೆಳಗೆ ಅದಕ್ಕೊಂದು ಮನೆ ಕಟ್ಟತೊಡಗಿದ. ನಾಯಿ ಬಗೆದು ಒಳಗೆ ನುಗ್ಗದಂತೆ ಸುತ್ತ ಮೊಳದಾಳ ತೋಡಿ ಚಪ್ಪಡಿ ಕಲ್ಲು ಹೂತ. ನಾಲ್ಕು ಮೂಲೆಗೆ ಬಿದಿರು ನೆಟ್ಟ. ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಅಬ್ದುಲ್ ಜಬ್ಬಾರ್ ಸಾಬರ ಹತ್ತಿರ ತಂತಿಬಲೆ ತಂದ.

"ಏನ್ ಸ್ವಾಮಿ, ಹುಲಿ ಸಾಕ್ತೀರಾ?" ಎಂದು ಸಾಬರು ಕೇಳಿದರಂತೆ.

"ಹುಲಿ ಆಗಿದ್ರೆ ಕಾಡಿಗೆ ಬಿಡ್ತಿದ್ದೆ ಸಾಬ್ರೇ. ಇದು ನನ್ನ ಹೆಂಡತಿ ಬೆಕ್ಕು."

ಮೇಲೆ ತಗಡು, ಒಳಗೆ ಒಂದು ಮೂಲೆಗೆ ಮರಳು, ಹತ್ತಿ ಕೂರಲು ಅಡ್ಡ ಕೊಂಬೆ, ಮಲಗಲು ಒಡೆದ ಗುಡಾಣ. ಬಿಸಿಲು ಕಾಣದ ಬೆಕ್ಕು ಮೊದಲ ದಿನ ಗುಡಾಣ ಬಿಟ್ಟು ಬರಲಿಲ್ಲ. ಮೂರನೆಯ ದಿನ ಕೊಂಬೆ ಹತ್ತಿ ಕೂತು ಕಾಗೆಗಳನ್ನು ಬೈಯತೊಡಗಿತು. ಗಂಗಾಂಬಿಕೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

ಬೇಲಿಯಾಚೆ ಸಣ್ಣತಾಯಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಬೆಕ್ಕನ್ಯಾಕಪ್ಪಾ ಆಚ್ಗೆ ಆಕಿದ್ದೀಯ?"

ಗುರುಪಾದ ಬಗ್ಗಿ ಚಪ್ಪಡಿಯ ಸುತ್ತ ಮಣ್ಣು ಒತ್ತತೊಡಗಿದ.

"ನಾಳೆ ನಿಮ್ಮನೆಗೆ ಔಸ್ದಿ ವಡೀತೀಯಲ್ಲ, ಅದ್ಕಾ?"

"ಹೂಂ ಕಣವ್ವ."

"ಅಂಗಾರೆ ಓದ್ ವರ್ಸ್ವೇ ಗೊತ್ತಿತ್ತು ನಿಂಗೆ. ಬೆಟ್ಟಕ್ಕೆ ಓಗ್ವಾಗ ನಿನ್ ಜಗ್ಲಿ ಮುಂದ್ಲಿಂದ್ಲೇ ಓದೆ. ನಿಲ್ಲವ್ವ ಅನ್ನಕ್ಕೆ ಬಾಯಿರ್ನಿಲ್ವಾ?"

"ತಪ್ಪಾಯ್ತು ಕಣವ್ವ. ಅದು ಬೆಕ್ಕಿಗೆ ಮಾತ್ರ ಆಗಲ್ಲ. ಮೈ ನೆಕ್ಕುತ್ತದಲ್ಲ, ಅದಕ್ಕೆ. ಮನುಷ್ಯರಿಗೆ ಏನೂ ಆಗಲ್ಲ."

"ನಿನ್ ಬೆಕ್ಕು ಪಂಜರದಲ್ಲೈತೆ. ನಮ್ ಐಕಳ್ನ ಎಲ್ಲಿ ಕೂಡಾಕನ, ಅದ್ನೂ ಏಳ್ಬುಡು."

ಊರು ಬಾಗಿಲು ಮುಚ್ಚಲಿಲ್ಲ. ಮುಚ್ಚಿದ್ದರೆ ವಾಸಿಯಿತ್ತು. ಎಲ್ಲರೂ ಬಾಗಿಲು ತೆರೆದು, ಮಡಕೆಕುಡಿಕೆ ಹೊರಗಿಟ್ಟು, ಔಷಧಿ ಹೊಡೆಸಿಕೊಂಡು, ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅವನು ಬೀದಿ ದಾಟಿದ ಮೇಲೆ ಹೆಂಗಸರು ಸಗಣಿಗೆ ಕೆಮ್ಮಣ್ಣು ಕಲಸಿ ಗೋಡೆಯನ್ನೆಲ್ಲ ಸಾರಿಸಿಬಿಟ್ಟರು. ಔಷಧಿ ಮಣ್ಣಿನಡಿ ಹೋಯಿತು. ಪಕ್ಕದ ಊರುಗಳನ್ನು ಮುಗಿಸಿ ಅವನು ವಾಪಸು ಬಂದಾಗ ಮನೆಮನೆಯ ಗೋಡೆಯೂ ಹಬ್ಬಕ್ಕೆ ಸಾರಿಸಿದಷ್ಟು ನುಣ್ಣಗಿತ್ತು. ಒಂದೊಂದು ಬಾಗಿಲಿಗೂ ಹೋಗಿ, ಇನ್ನೊಂದು ಸಲ ಹೊಡೆಯುತ್ತೇನೆ, ದಮ್ಮಯ್ಯ, ಸಾರಿಸಬೇಡಿ ಎಂದು ಕೈಮುಗಿದ. "ಆಗ್ಲಿ ಸ್ವಾಮಿ, ನಾಳೆ ನೋಡನ" ಎಂದರು. ನಾಳೆ ಬರಲಿಲ್ಲ.

ಶ್ರಾವಣದಲ್ಲಿ ಜ್ವರ ಬಂತು. ಮೂರು ಮಕ್ಕಳು ಹೋದವು. ಕಾಡಂಚಿನ ಹಾಡಿಗಳಲ್ಲಿ, ಕಂಡವರ ಜಗಲಿಯ ಮೇಲೆ ಮಲಗಿ ಕೆಲಸ ಮಾಡಿದ್ದ ಗುರುಪಾದನಿಗೂ ಹತ್ತಿತು. ಸಣ್ಣತಾಯಮ್ಮನ ಮೊಮ್ಮಗ ಮಾದೇವನಿಗೂ ನಡುಕ ಶುರುವಾದ ಸುದ್ದಿ ಅವನು ಮಲಗಿದ್ದಲ್ಲಿಗೇ ಬಂತು. ಜ್ವರದ ಕಾಲ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

ಗುರುಪಾದ ಕೊನೆಗೆ ಮಾಡಿದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಅದಾದ ಮೇಲೆ ಜ್ವರ ಏರಿ ಮೈಮರೆತವನಿಗೆ ಮತ್ತೆ ಎಚ್ಚರ ಬರಲಿಲ್ಲ. ಬೆಕ್ಕು ಬುಧವಾರ ಸತ್ತಿತು, ಅವನು ಗುರುವಾರ. ಊರಿನ ಗೋಡೆಗಳಿಗೆ ಮೊನ್ನೆ ಇನ್ನೊಂದು ಸಲ ಕೆಮ್ಮಣ್ಣು ಬಿದ್ದಿದೆ. ಮಾದೇವ ಇನ್ನೂ ಮಲಗಿದ್ದಾನೆ.

ಸಾಯುವ ಮೊದಲಿನ ಭಾನುವಾರ ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಾಗ ಗುರುಪಾದ ಎದ್ದು, ತನ್ನ ಮನೆಯ ಗೋಡೆಗೆ ಒಳಗೆಲ್ಲ ಹೊಸದಾಗಿ ಔಷಧಿ ಹೊಡೆದ. ಪಂಪು ಒತ್ತಿದವನು ನಾನು. ಬೀದಿಯವರನ್ನು ಹಿತ್ತಲಿಗೆ ಕರೆದ. ಬೇಲಿಯಾಚೆ ಸಣ್ಣತಾಯಮ್ಮನೂ ಬಂದು ನಿಂತಳು.

"ಈ ಬೆಕ್ಕೂ ಒಳಗೇ ಇರ್ತದೆ, ನಾನೂ ಒಳಗೇ ಇರ್ತೀನಿ," ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. "ಬೆಕ್ಕು ಸಾಯ್ತದೆ. ಈ ಸಲ ಸುಳ್ಳು ಹೇಳಲ್ಲ. ಮನುಷ್ಯ ಸಾಯಲ್ಲ. ನೋಡಿಕೊಂಡು ಆಮೇಲಾದರೂ ನಿಮ್ಮ ಗೋಡೆ ನಂಗೆ ಬಿಡಿ."

ಗಂಗಾಂಬಿಕೆ ತಂತಿಬಲೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. "ನಮ್ ಗೌರಿದು ಕಣ್ರೀ ಇದು."

"ಮಾದೇವನೂ ಗೌರಿಯಷ್ಟೇ ಇದ್ದಾನಲ್ಲೇ," ಎಂದ.

ಅವಳು ಸರಿಯಲಿಲ್ಲ. ಅವನು ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಗ್ಗಿ ಒಳಗೆ ಕೈಹಾಕಿದ. ಅದು ಕೊಂಬೆಯಿಂದ ತಾನಾಗಿಯೇ ಅವನ ತೋಳಿಗೆ ಇಳಿಯಿತು. ಎದೆಗೊತ್ತಿಕೊಂಡು ಹಿತ್ತಲ ಬಾಗಿಲು ದಾಟಿ, ಹಸಿ ಗೋಡೆಗೆ ಬೆನ್ನು ಕೊಟ್ಟು ಕೂತು, ಬೆಕ್ಕನ್ನು ಕೆಳಗೆ ಬಿಟ್ಟ.