ಒಂಬತ್ತನೇ ತಿಂಗಳಿಗೆ ಮುಂದೆ ಹೋದ ಸೀಮಂತ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆ ಯಾರೂ ಚರ್ಚೆ ಮಾಡುವ ವಿಷಯವಲ್ಲ. ಹಾಗಾಗಿ ಊರಿನಿಂದ ಒಂದು ರಾತ್ರಿಯ ರೈಲು ದೂರದ ಸಾನಪಾಡಾದ ನಮ್ಮ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಟೆಸ್ಟಿನ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದ ದಿನವೇ ನಾನು ಮನಸ್ಸಿನಲ್ಲಿ ಉಡುಪಿಯ ರೈಲು ಹತ್ತಿಯಾಗಿತ್ತು. ಗಂಡ ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಊಟಕ್ಕೆ ಮನೆ. ಉಳಿದವರು ನಾನು, ಅತ್ತೆ, ಮತ್ತು ನಮ್ಮಿಬ್ಬರ ನಡುವೆ ಇಡೀ ದಿನ ಹಾಡುತ್ತಿದ್ದ ಟೀವಿ.

ಅತ್ತೆ ಕೆಟ್ಟವರು ಎಂದು ನಾನು ಯಾವತ್ತೂ ಹೇಳಿಲ್ಲ, ಅನಿಸಿದ್ದು ಮಾತ್ರ ಹಾಗೆಯೇ. ಮಾತು ಕಡಿಮೆ, ಮುಖದಲ್ಲಿ ಏನೂ ಕಾಣಿಸದ ಹೆಂಗಸು. ನನಗೋ ಒಳಗಿದ್ದದ್ದೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತದೆ.

ನಮ್ಮಲ್ಲಿ ಸೀಮಂತಕ್ಕೆ ಬಯಕೆ ಎನ್ನುತ್ತಾರೆ. ಏಳರಲ್ಲಿ ಅಥವಾ ಒಂಬತ್ತರಲ್ಲಿ ಮಾಡುವುದು, ಎಂಟರಲ್ಲಿ ಮಾಡುವ ಹಾಗಿಲ್ಲ. ಅದು ಮುಗಿದ ಮೇಲೆಯೇ ಬಸುರಿಯನ್ನು ತವರಿಗೆ ಕರೆದುಕೊಂಡು ಹೋಗುವುದು. ನನ್ನ ಬಯಕೆ ಏಳನೇ ತಿಂಗಳಲ್ಲಿ, ಆಟಿ ಶುರುವಾಗುವ ಮೊದಲಿನ ಭಾನುವಾರ ಎಂದು ನಿಶ್ಚಯವಾಗಿತ್ತು. ಆಟಿ ಎಂದರೆ ನಮ್ಮ ಆಷಾಢವಿದ್ದ ಹಾಗೆ, ಆ ಒಂದು ತಿಂಗಳು ಯಾವ ಶುಭಕಾರ್ಯವೂ ಇಲ್ಲ. ಅಮ್ಮ ಬಂದು ನನ್ನನ್ನು ಕರೆದುಕೊಂಡು ಹೋಗಲು ಮಂಗಳವಾರದ ಟಿಕೆಟ್ಟೂ ಆಗಿತ್ತು. ನಾನು ಎರಡು ಬ್ಯಾಗು ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದೆ. ಇನ್ನೂ ಹದಿನೈದು ದಿನವಿತ್ತು, ಆದರೂ ಇಟ್ಟಿದ್ದೆ.

ಒಂದು ಮಧ್ಯಾಹ್ನ ಅತ್ತೆ ಫೋನಿಟ್ಟು ಅಡುಗೆಮನೆಗೆ ಬಂದು, "ಬಯಕೆ ಒಂಬತ್ತರಲ್ಲಿ ಮಾಡುವ. ಆಟಿ ಕಳೀಲಿ," ಎಂದರು.

"ಯಾಕೆ?" ಎಂದೆ.

"ಈಗ ಆಗುದಿಲ್ಲ. ನನಗೆ ಪುರುಸೊತ್ತಿಲ್ಲ."

ಪುರುಸೊತ್ತಿಲ್ಲವಂತೆ! ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡುವವರಿಗೆ. ಅಂದು ಸಂಜೆ ಗಂಡನಿಗೆ ಫೋನ್ ಮಾಡಿ, "ನಾನು ಹೋದ್ರೆ ನಿಮ್ಮಮ್ಮನಿಗೆ ಅಡುಗೆಗೆ ಜನ ಇಲ್ಲ, ಅದಕ್ಕೇ ಈ ನಾಟಕ," ಎಂದೆ. ಅವರು ಕೌಂಟರಿನಲ್ಲಿದ್ದರು. "ಆಮೇಲೆ ಮಾತಾಡುವ," ಎಂದರು. ಆ ಆಮೇಲೆ ಬರಲೇ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಬಯಕೆ ಇಲ್ಲದಿದ್ದರೆ ಬೇಡ, ಬಂದು ಕರೆದುಕೊಂಡು ಹೋಗು ಎಂದೆ. ಅಮ್ಮ ಮಾತ್ರ "ಅತ್ತೆ ಹೇಳಿದ ಹಾಗೆ ಕೇಳು ಮಗಾ," ಎಂದಳು. ಹೆತ್ತವಳೇ ಕೈಬಿಟ್ಟಳು ಎಂದು ನನಗೆ ಆವತ್ತು ಅನಿಸಿದ್ದು ನಿಜ. ಅಂದಿನಿಂದ ಅತ್ತೆಯೊಂದಿಗೆ ಉಪ್ಪು ಎಲ್ಲಿ, ಹಾಲು ಬಂತಾ ಎನ್ನುವಷ್ಟಕ್ಕೇ ಮಾತು ನಿಲ್ಲಿಸಿದೆ. ಅವರು ಏನೂ ಕೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಎಂಟನೇ ತಿಂಗಳ ಕೊನೆಗೆ ಕಾಲು ಊದಿತು. ಚಪ್ಪಲಿ ಹಿಡಿಸದೆ ಗಂಡನ ಸ್ಲಿಪ್ಪರು ಹಾಕಿಕೊಂಡು ವಾಶಿಯ ನರ್ಸಿಂಗ್ ಹೋಮಿಗೆ ಹೋದೆ. ಡಾಕ್ಟರು ಮರಾಠಿ ಹೆಂಗಸು, ಬಿಪಿ ಎರಡು ಸಲ ನೋಡಿದರು. ಮುಂದಿನ ತಿಂಗಳು ಊರಿಗೆ ಹೋಗುವುದುಂಟು ಎಂದದ್ದೇ ತಡ, ಪೆನ್ನು ಕೆಳಗಿಟ್ಟರು. "ಟ್ರೇನ್? ಬಿಲ್ಕುಲ್ ನಹೀ. ಡೆಲಿವರಿ ಇಲ್ಲೇ." ಇಷ್ಟೇ. ಇಷ್ಟು ತಿಂಗಳು ಕಾದಿದ್ದ ತವರು ಒಂದೇ ಮಾತಿಗೆ ಮುಗಿದುಹೋಯಿತು. ವಾಪಸ್ಸು ಬರುವಾಗ ರಿಕ್ಷಾದಲ್ಲಿ ಅಳುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಹೊರಗೆ ನೋಡುತ್ತಿದ್ದರು.

ಕೊನೆಗೆ ಉಳಿದದ್ದು ಒಂದೇ ದಾರಿ: ಅಮ್ಮನೇ ಬರುವುದು. ಆಟಿ ಮುಗಿದ ಮೊದಲ ಭಾನುವಾರ ಇಲ್ಲೇ ಫ್ಲ್ಯಾಟಿನಲ್ಲಿ ಬಯಕೆ, ಆಮೇಲೆ ಬಾಣಂತನ ಮುಗಿಯುವವರೆಗೆ ಅವಳು ನನ್ನ ಜೊತೆ. ಅಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಬದಲಿಗೆ ಒಬ್ಬರನ್ನು ಗೊತ್ತು ಮಾಡದೆ ಹೊರಡುವ ಹಾಗಿಲ್ಲ. ಹೇಗೋ ಒಬ್ಬಳನ್ನು ಒಪ್ಪಿಸಿ ಗುರುವಾರ ಮಧ್ಯಾಹ್ನದ ರೈಲಿಗೆ ಟಿಕೆಟು ಮಾಡಿಸಿದಳು. ನನಗೆ ಬೇಕಾಗಿದ್ದದ್ದು ಸೀರೆಯೂ ಅಲ್ಲ, ಮಲ್ಲಿಗೆಯೂ ಅಲ್ಲ. ಹೆರಿಗೆಯ ಕೋಣೆಯೊಳಗೆ ಅಮ್ಮ ಇರಬೇಕು. ಅವಳಿದ್ದರೆ ಹೆರುತ್ತೇನೆ, ಇಲ್ಲದಿದ್ದರೆ ಸಾಯುತ್ತೇನೆ ಎನ್ನುವಷ್ಟು ಗಟ್ಟಿಯಾಗಿ ನಂಬಿದ್ದೆ.

ಆಸ್ಪತ್ರೆಯವರು ತರಬೇಕಾದ ಸಾಮಾನಿನ ಪಟ್ಟಿ ಕೊಟ್ಟಿದ್ದರು. ಮಗುವಿಗೆ ಆರು ಝಬಲಾ ಅಂಗಿ, ಟೋಪಿ, ಕಾಲುಚೀಲ, ಎರಡು ಟವೆಲು. ಹುಟ್ಟುವ ಮೊದಲು ಮಗುವಿಗೆ ಹೊಸತು ಕೊಳ್ಳಬಾರದು ಎಂದು ಅತ್ತೆ ತಮ್ಮ ಹಳೇ ವಾಯಿಲ್ ಸೀರೆ ಹರಿದು ತುಂಡು ಮಾಡಿ, ಕುದಿಸಿ, ಬಾಲ್ಕನಿಯಲ್ಲಿ ಹರವಿದರು. ಮಳೆಗಾಲದಲ್ಲಿ ಅದು ಒಣಗುವುದುಂಟೇ? ಕೊನೆಗೆ ಒಂದೊಂದನ್ನೇ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿದರು. ಅಷ್ಟೂ ಬಟ್ಟೆಗಳನ್ನು ಮಡಚುವುದನ್ನು ಸೋಫಾದಲ್ಲಿ ಕೂತು ನೋಡಿದೆ, ಸಹಾಯಕ್ಕೆ ಏಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಬಚ್ಚಲಿನ ಬಾಗಿಲಲ್ಲಿ ನೀರು ಹೋಯಿತು. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಅಮ್ಮನ ರೈಲು ಅಷ್ಟರಲ್ಲಿ ಪನ್ವೇಲ್ ಮುಟ್ಟಿರಬೇಕಿತ್ತು. ಮುಟ್ಟಿರಲಿಲ್ಲ. ರತ್ನಾಗಿರಿಯ ಈಚೆ ಗುಡ್ಡ ಕುಸಿದು ಹಳಿಯ ಮೇಲೆ ಮಣ್ಣು ಬಿದ್ದಿದೆಯೆಂದು ಟೀವಿಯ ಕೆಳಗಿನ ಪಟ್ಟಿಯಲ್ಲಿ ಓಡುತ್ತಿತ್ತು. ಅಮ್ಮನ ಹತ್ತಿರ ಮನೆಯ ಫೋನು ಬಿಟ್ಟರೆ ಮೊಬೈಲಿಲ್ಲ. ಹತ್ತು ಗಂಟೆಗೆ ಯಾರದೋ ಫೋನಿನಿಂದ ಮಾತಾಡಿದಳು. "ಇಲ್ಲೇ ನಿಂತಿದೆ ಮಗಾ, ಯಾವಾಗ ಬಿಡ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ನೀನು ಹೇಗಿದ್ದಿ?" ಎಂದಳು. ನೀರು ಹೋಯಿತು ಎಂದೆ. ಅವಳು ಏನೋ ಹೇಳಿದಳು, ಅಷ್ಟರಲ್ಲಿ ಕಟ್ಟಾಯಿತು. ಮತ್ತೆ ಆ ನಂಬರಿಗೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಲೇಬರ್ ರೂಮಿಗೆ ಗಂಡಸರಿಗೆ ಪ್ರವೇಶವಿಲ್ಲ, ಒಬ್ಬ ಹೆಂಗಸು ಮಾತ್ರ ಬರಬಹುದು. ನರ್ಸು "ಆಯೀ ಕುಠೆ?", ಅಮ್ಮ ಎಲ್ಲಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು. ನನಗೆ ಮೈಯೆಲ್ಲ ಉರಿಯಿತು. ಯಾರು ನನ್ನನ್ನು ಈ ಮಂಚಕ್ಕೆ ತಂದು ಮಲಗಿಸಿದರೋ ಅವರೇ ಬಂದು ನಿಂತಿದ್ದಾರೆ. ಸೊಂಟ ಮುರಿಯುವ ನೋವು ಬಂದಾಗ ಅವರು ನನ್ನ ಕೈ ಹಿಡಿದರು. ಕೊಡವಿಬಿಟ್ಟೆ. ಇನ್ನೊಮ್ಮೆ ಹಿಡಿದರು. "ನೀವು ಹೊರಗೆ ಹೋಗಿ, ನನಗೆ ನನ್ನಮ್ಮ ಬೇಕು," ಎಂದು ಕಿರುಚಿದೆ. ನರ್ಸು ಅವರ ಮುಖ ನೋಡಿದಳು. ಅವರು ಹೋಗಲಿಲ್ಲ, ಕೈಯನ್ನೂ ಮತ್ತೆ ಹಿಡಿಯಲಿಲ್ಲ. ನನ್ನ ಕಾಲಿನ ಕಡೆ ಹೋಗಿ ಊದಿದ ಪಾದಗಳನ್ನು ಒತ್ತುತ್ತಾ ನಿಂತರು. ಅಲ್ಲಿಗೆ ನನ್ನ ಕೈ ಎಟುಕುತ್ತಿರಲಿಲ್ಲ, ಒದೆಯಲು ಶಕ್ತಿಯಿರಲಿಲ್ಲ.

ಆ ಎಂಟು ಗಂಟೆಯಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ನೋವು ಅದರ ಪಾಡಿಗೆ ಬಂತು, ಹೋಯಿತು. ಬಿಪಿ ಏರಿತೆಂದು ಓಡಾಡಿದರು, ಇಳಿಯಿತೆಂದು ನಿಂತರು, ನನ್ನನ್ನು ಕೇಳಿ ಯಾವುದೂ ನಡೆಯಲಿಲ್ಲ. ಸಂಜೆ ಆರಕ್ಕೆ ಹೆಣ್ಣು ಮಗು ಹುಟ್ಟಿತು. ಅತ್ತಿತು. ನಾನೂ ಅತ್ತೆ, ಆದರೆ ಅದು ಖುಷಿಗೆ ಅಂತ ಈಗಲೂ ಹೇಳಲಾರೆ.

ಅಮ್ಮ ಬಂದದ್ದು ಮರುದಿನ ಮಧ್ಯಾಹ್ನ. ರೈಲಿನಿಂದ ಇಳಿದು, ಎಸ್ಟಿ ಬಸ್ಸು ಹಿಡಿದು, ಪನ್ವೇಲಿನಿಂದ ರಿಕ್ಷಾದಲ್ಲಿ, ಕೆಸರಾದ ಸೀರೆಯಲ್ಲಿ. ಅವಳನ್ನು ಕಂಡದ್ದೇ ನಾನು ಕಟ್ಟಿಟ್ಟದ್ದೆಲ್ಲ ಬಿಚ್ಚಿದೆ. ಅತ್ತೆ ಅಲ್ಲೇ ತೊಟ್ಟಿಲಿನ ಹತ್ತಿರ ಇದ್ದರು. ಇರಲಿ, ಕೇಳಲಿ ಎಂದೇ ಹೇಳಿದೆ. "ಏಳರಲ್ಲಿ ಬಯಕೆ ಮಾಡಿದ್ರೆ ನಾನು ನಿನ್ನ ಹತ್ತಿರ ಇರ್ತಿದ್ದೆ. ಇವರಿಗೆ ಪುರುಸೊತ್ತಿರ್ಲಿಲ್ಲ. ಇವರಿಂದ ನಾನು ಒಬ್ಬಳೇ ಹೆರುವ ಹಾಗಾಯ್ತು."

ಅಮ್ಮ ಅತ್ತೆಯ ಕಡೆ ನೋಡಿದಳು. "ಇವಳಿಗೆ ಹೇಳ್ಲಿಲ್ವಾ ನೀವು?"

"ಬಸುರಿಗೆ ಎಂತಕ್ಕೆ ಹೇಳುದು," ಎಂದರು ಅತ್ತೆ.

ಅಮ್ಮ ಮಂಚದ ಅಂಚಿಗೆ ಕೂತಳು. "ಮುಂದೆ ಹಾಕಿಸಿದ್ದು ನಾನು ಮಗಾ. ನಿನ್ನ ಮೊದಲು ಒಂದು ಗಂಡು ಆಗಿತ್ತು. ಏಳರಲ್ಲೇ ಬಯಕೆ ಮಾಡಿದ್ರು, ಆಟಿ ಹತ್ತಿರ ಬಂತು ಅಂತ ಗಡಿಬಿಡಿಯಲ್ಲಿ. ಹುಟ್ಟಿ ಮೂರೇ ದಿನ ಇದ್ದ. ನಿನಗೂ ಅದೇ ತಿಂಗಳು, ಅದೇ ವಾರ ಅಂತ ಗೊತ್ತಾದಾಗ ನನಗೆ ಹೆದರಿಕೆ ತಡೀಲಿಕ್ಕಾಗಲಿಲ್ಲ. ನಿಮ್ಮ ಕಾಲು ಹಿಡೀತೇನೆ, ಒಂಬತ್ತರಲ್ಲಿ ಮಾಡಿ, ಅವಳಿಗೆ ಕಾರಣ ಹೇಳ್ಬೇಡಿ ಅಂತ ಇವರಿಗೆ ಫೋನ್ ಮಾಡಿದೆ. ಒಂಬತ್ತರಲ್ಲಿ ರೈಲು ಹತ್ತಬಾರ್ದು ಅಂತ ನನಗೆಂತ ಗೊತ್ತು?"

ನನಗೆ ಆಗ ಇಪ್ಪತ್ತಾರು ವರ್ಷ. ಅಲ್ಲಿಯವರೆಗೆ ನಾನೇ ಮೊದಲನೆಯವಳು ಎಂದುಕೊಂಡಿದ್ದೆ. ಅಮ್ಮನ ಮೇಲೆ ಸಿಟ್ಟು ಮಾಡೋಣವೆಂದರೆ ಅವಳು ಆ ಕೆಸರಿನ ಸೀರೆಯಲ್ಲಿ ಬಿಕ್ಕುತ್ತಾ ಕೂತಿದ್ದಳು. ಎರಡು ತಿಂಗಳು ನನ್ನ ಬಿಗಿದ ಮುಖ ನೋಡಿದ, ಹೊರಗೆ ಹೋಗಿ ಎಂದರೂ ಹೋಗದ ಹೆಂಗಸು ತೊಟ್ಟಿಲಿನ ಹತ್ತಿರ ಮಗುವಿನ ಬಟ್ಟೆ ಸರಿ ಮಾಡುತ್ತಿದ್ದರು.

"ಅದೆಲ್ಲ ಈಗ ಸಾಕು, ಬಾಣಂತಿಯ ಎದುರು ಅಳ್ಬೇಡಿ," ಎಂದು ಅಮ್ಮನಿಗೆ ಹೇಳಿ ಅವರು ಖಾಲಿ ಫ್ಲಾಸ್ಕು ಎತ್ತಿಕೊಂಡರು.

ಬಾಗಿಲ ತನಕ ಹೋದವರನ್ನು "ಅತ್ತೆ" ಎಂದು ಕರೆದೆ. ತಿರುಗಿದರು.

"ಎಂತ?"

ಹೇಳಬೇಕಾದ ಮಾತು ಒಂದೇ ಇತ್ತು. ಜೀವಮಾನವಿಡೀ ಒಂದು ಮಾತನ್ನೂ ನುಂಗಿ ಗೊತ್ತಿಲ್ಲದ ನನಗೆ ಆವತ್ತು ಆ ಒಂದು ಮಾತು ಹೊರಗೆ ಬರಲಿಲ್ಲ.

"ಏನಿಲ್ಲ," ಎಂದೆ.

ಅವರು ಗಂಜಿ ತರಲು ಹೋದರು.