ನನಗೆ ಹೊದಿಸಿದ ತ್ಯಾಗದ ಶಾಲು

ನನ್ನ ಒಪ್ಪಿಗೆಯಿಲ್ಲದೆ ನನ್ನನ್ನು ತ್ಯಾಗಿಯನ್ನಾಗಿ ಮಾಡಲಾಯಿತು. ಅನ್ಯಾಯ ಇಷ್ಟೇ, ಆದರೆ ನಾನದನ್ನು ಮರೆತಿಲ್ಲ. ಇಂದು ಬೆಳಿಗ್ಗೆ ಬೀರು ತೆಗೆದಾಗ ಆ ಶಾಲಿನಿಂದ ನುಸಿಗುಳಿಗೆಯ ವಾಸನೆ ಎದ್ದಿತು. ನೆನಪೂ ಅದರ ಬೆನ್ನಿಗೇ ಎದ್ದು ಬಂತು.

ಕೆಲವು ವರ್ಷಗಳ ಹಿಂದೆ ಅಡುಗೆ ಅನಿಲದ ಸಿಲಿಂಡರಿಗೆಂದು ಫೋನ್ ಮಾಡಿದ್ದೆ. ಯಂತ್ರದೊಳಗಿನ ಹೆಣ್ಣುದನಿ ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎನ್ನುತ್ತಾ ಹೋಯಿತು. ಕನ್ನಡಕ ಹಣೆಯ ಮೇಲಿತ್ತು. ಬೆರಳು ಸೊನ್ನೆಯ ಮೇಲೆ ಬಿತ್ತು. ಸರ್ಕಾರ ಕೊಡುವ ಸಹಾಯಧನವನ್ನು ಬಡವರಿಗಾಗಿ ಬಿಟ್ಟುಕೊಡುತ್ತೇನೆ ಎಂಬುದು ಆ ಸೊನ್ನೆಯ ಅರ್ಥವಂತೆ! ಮೂವತ್ತು ವರ್ಷ ಪರರ ಕಡತಗಳಲ್ಲಿ ಅಲ್ಪವಿರಾಮಗಳನ್ನೂ ಬಿಡದೆ ತಿದ್ದಿದವನು ನಾನು ಎಂಬುದನ್ನು, ಓದುಗ ಮಿತ್ರರೇ, ದಯವಿಟ್ಟು ಈಗ ನೆನೆಯಬೇಡಿ.

ಮಾರನೆಯ ದಿನವೇ ವರ್ತೂರಿನ ಗ್ಯಾಸ್ ಏಜೆನ್ಸಿಗೆ ಓಡಿದೆ. ಕೌಂಟರಿನ ಹುಡುಗಿ ತಲೆಯೆತ್ತದೆ ಹೇಳಿದಳು: "ಒಂದ್ಸಲ ಬಿಟ್ಕೊಟ್ರೆ ಒಂದ್ ವರ್ಷ ವಾಪಸ್ ಬರಲ್ಲ ಸಾರ್. ರೂಲ್ಸು." ಅವಳ ಹಿಂದಿನ ಗೋಡೆಯ ಮೇಲೆ ಉದಾರಿಗಳ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಆಗಲೇ ನನ್ನ ಹೆಸರು. ಅದೂ ತಪ್ಪು ಇನಿಷಿಯಲ್ಲಿನೊಂದಿಗೆ.

ಆ ಪಟ್ಟಿ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯ ಕಣ್ಣಿಗೂ ಬಿತ್ತು. ರಾಜ್ಯೋತ್ಸವದ ದಿನ ನನ್ನನ್ನು ಸಂಘದ ಸಭಾಂಗಣದ ವೇದಿಕೆಗೆ ಕರೆದು ಶಾಲು ಹೊದಿಸಿದರು. ನಿಜ ಹೇಳಲು ಬಾಯಿ ತೆರೆದೆ. ಬಾಯಿಗೆ ಮೈಸೂರುಪಾಕು ಬಿತ್ತು. ಎರಡನೆಯ ಸಲ ತೆರೆಯಲಿಲ್ಲವೆಂಬುದು ನನ್ನ ತಪ್ಪು. ಶಾಲು ಬೆಚ್ಚಗಿತ್ತು.

ಹೆಂಗಸರಿಗೆ ಬಸ್ಸು ಉಚಿತವಾದ ವರ್ಷ, ಅದೇ ಸಭಾಂಗಣದಲ್ಲಿ 'ಬಿಟ್ಟಿ ಯೋಜನೆಗಳು ಬೇಕೆ?' ಎಂಬ ಚರ್ಚೆ ಏರ್ಪಟ್ಟಿತು. ಕಾರ್ಯದರ್ಶಿ ಮೈಕು ಹಿಡಿದು ನನ್ನತ್ತ ಕೈ ಚಾಚಿದರು. "ನಮ್ ಸಾರ್‌ನ ನೋಡಿ ಕಲೀಬೇಕು ಕಣ್ರೀ. ಇವ್ರು ಬಿಟ್ಕೊಟ್ಟೋರು. ಇನ್ನು ಕೆಲವ್ರು ಮಾರತ್ತಹಳ್ಳಿಗೆ ಸೊಪ್ಪು ತರೋಕೂ ಪುಕ್ಕಟೆ ಬಸ್ಸು ಹತ್ತುತ್ತಾರೆ."

ಎಲ್ಲರ ಕಣ್ಣುಗಳೂ ಕಾಫಿ ತಟ್ಟೆ ಹಿಡಿದು ನಿಂತಿದ್ದ ಯಲ್ಲವ್ವನತ್ತ ತಿರುಗಿದವು. ಕೊಪ್ಪಳದ ಕಡೆಯವಳು, ನಮ್ಮದೂ ಸೇರಿ ನಾಲ್ಕು ಮನೆಗಳಲ್ಲಿ ಕೆಲಸ, ಕುಂದಲಹಳ್ಳಿಯಲ್ಲಿ ಬಾಡಿಗೆ ಕೋಣೆ. ಅವಳು ತಟ್ಟೆ ಕೆಳಗಿಟ್ಟಳು.

"ಹೌದ್ರಿ, ಪುಕ್ಕಟೆ ಬರ್ತೀನ್ರಿ. ಕಂಡಕ್ಟರ್ ಎಲ್ಲಾರ ಮುಂದನ ಚೀಟಿ ಹರದು ಕೊಡ್ತಾನ, ಮುಚ್ಚುಮರಿ ಏನಿಲ್ಲ. ಆದ್ರ ಅಜ್ಜಾರ, ನೀವು ಬಡವರಿಗಂತ ಬಿಟ್ರಲ್ಲ, ಅದು ಯಾರಿಗೆ ಹೋತ್ರಿ? ಅಡ್ರೆಸ್ ಪ್ರೂಫ್ ಇಲ್ಲಂತ ನನಗ ಇನ್ನೂ ಸಿಲಿಂಡರ್ ಕೊಟ್ಟಿಲ್ರಿ."

ಸಭೆ ನಕ್ಕಿತು. ನನ್ನ ಹೆಗಲ ಮೇಲೆ ಅಂದು ಶಾಲಿರಲಿಲ್ಲ. ಆದರೂ ಅದರ ಭಾರ ತಿಳಿಯಿತು. ನನ್ನ ಸುಳ್ಳಿನಿಂದಲೇ ಅವಳಿಗೆ ಹೊಡೆಯುತ್ತಿದ್ದರು. ಎದ್ದು ನಿಂತೆ.

"ಯಲ್ಲವ್ವ, ನಾನು ಏನೂ ಬಿಟ್ಟಿಲ್ಲಮ್ಮ. ಕನ್ನಡಕ ಇಲ್ಲದೆ ಸೊನ್ನೆ ಒತ್ತಿದೆ. ಮಾರನೇ ದಿನವೇ ವಾಪಸ್ ಕೇಳೋಕೂ ಹೋಗಿದ್ದೆ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಹಂಗಾದ್ರೆ ಶಾಲು ವಾಪಸ್ ಕೊಡಿ ಸಾರ್!"

"ಒಂದ್ಸಲ ಕೊಟ್ಟಿದ್ದು ವಾಪಸ್ ಬರಲ್ಲ. ರೂಲ್ಸು," ಎಂದೆ.

ಅಂದಿನಿಂದ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಕಾರ್ಯದರ್ಶಿ ಮೊಬೈಲಿನೊಳಗೆ ಇಳಿದುಬಿಡುತ್ತಾರೆ. ಅದನ್ನೂ ನಾನು ಮರೆತಿಲ್ಲ.

ಇಂದು ಶಾಲನ್ನು ಬಾಲ್ಕನಿಯ ಹಗ್ಗಕ್ಕೆ ಹಾಕುತ್ತಿದ್ದಾಗ, ನೆಲ ಒರೆಸುತ್ತಿದ್ದ ಯಲ್ಲವ್ವ ಮೂಗು ಮುಚ್ಚಿಕೊಂಡೇ ಕೇಳಿದಳು: "ಅಜ್ಜಾರ, ಇದನ್ನೂ ಬಿಡ್ತೀರೇನ್ರಿ? ನಮ್ಮತ್ತಿಗೆ ಚಳಿ ಭಾಳ್ರಿ."

ಕನ್ನಡಕ ಹಾಕಿಕೊಂಡೇ ಅವಳ ಕೈಗಿತ್ತೆ. ನನ್ನ ಈ ಒಂದು ತ್ಯಾಗ ಯಾರಿಗೆ ಹೋಯಿತೆಂದು ನನಗೆ ಗೊತ್ತಿದೆ. ಸಹಾಯಧನ ಹಂಚುವ ಮಹನೀಯರೇ, ಬಿಟ್ಟವನ ಹೆಸರನ್ನು ಕೇಳದೆಯೇ ಗೋಡೆಗೆ ಅಂಟಿಸಿದಿರಿ. ಅವನು ಬಿಟ್ಟದ್ದು ಯಾವ ಮನೆಯ ಒಲೆ ಹೊತ್ತಿಸಿತೆಂಬ ಪಟ್ಟಿಯನ್ನು ಯಾವ ಗೋಡೆಗೆ ಅಂಟಿಸಿದ್ದೀರಿ?