ಪ್ರೇಮನಾಥನ ಕಪ್ಪು

ಮಧೂರು ರಸ್ತೆಯ ನಮಿತಾ ಸ್ಟುಡಿಯೋದ ಪ್ರೇಮನಾಥನಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಸಕ್ಕರೆ ಕಾಯಿಲೆಯಾಗಿದ್ದರೆ ಮಾತ್ರೆಯಾದರೂ ಸಿಗುತ್ತಿತ್ತು. ಇದಕ್ಕೆಲ್ಲಿದೆ ಮದ್ದು? ಎದುರಿನ ಕಟ್ಟಡದಲ್ಲಿ ಸಿದ್ದೀಕ್ ಅಂಗಡಿ ತೆರೆದ ದಿನ ಶುರುವಾದದ್ದು, ವರ್ಷ ಕಳೆದರೂ ಇಳಿಯಲಿಲ್ಲ.

ಸಿದ್ದೀಕ್ ಶಾರ್ಜಾದ ಒಂದು ಫೋಟೋ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಊರಿಗೆ ಮರಳಿದವನು. ಅವನು ಪಾಸ್‌ಪೋರ್ಟ್ ಫೋಟೋ ತೆಗೆಯುವುದಿಲ್ಲ, ಲ್ಯಾಮಿನೇಶನ್ ಮಾಡುವುದಿಲ್ಲ. ಹಳೆಯ ನೆಗೆಟಿವ್ ಕೊಟ್ಟರೆ ದಪ್ಪ ಹತ್ತಿಯ ಕಾಗದದ ಮೇಲೆ ಕಪ್ಪು ಬಿಳುಪಿನಲ್ಲಿ ದೊಡ್ಡದಾಗಿ ಮುದ್ರಿಸಿ ಕೊಡುತ್ತಾನೆ, ಅಷ್ಟೇ. ಇದನ್ನು ಕೇಳಿ ಪ್ರೇಮನಾಥ ನಕ್ಕಿದ್ದ. ಈ ಊರಿನಲ್ಲಿ ಅದಕ್ಕೆ ಯಾರು ಬರುತ್ತಾರೆ? ಬಂದರು, ನೋಡಿ. ಮಂಗಳೂರಿನಿಂದ ಬಂದರು, ಕಣ್ಣೂರಿನಿಂದ ಕಾರು ಮಾಡಿಕೊಂಡು ಬಂದರು. ಕಾರು ನಿಲ್ಲಿಸಲು ಜಾಗ ಸಾಲದೆ ನಮಿತಾ ಸ್ಟುಡಿಯೋದ ಮುಂದೆಯೇ ನಿಲ್ಲಿಸಿ ಅತ್ತ ನಡೆದರು!

ಸಿದ್ದೀಕ್ ಒರಟನಾಗಿದ್ದರೆ ಪ್ರೇಮನಾಥನಿಗೆ ಎಷ್ಟೋ ಸುಖವಿತ್ತು. ಆದರೆ ಆ ಮನುಷ್ಯ ದಿನಾ ಬೆಳಗ್ಗೆ ರಸ್ತೆಯ ಆಚೆಯಿಂದ ಕೈ ಎತ್ತಿ, "ಪ್ರೇಮಣ್ಣ, ಬನ್ನಿ, ಒಂದು ಚಾ ಕುಡಿಯುವ" ಎನ್ನುತ್ತಿದ್ದ.

"ಈಗಷ್ಟೇ ಆಯಿತು ಮಾರಾಯ" ಎಂದು ಪ್ರೇಮನಾಥ ಸುಳ್ಳು ಹೇಳುತ್ತಿದ್ದ. ಆಮೇಲೆ ಇಡೀ ದಿನ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಆ ಅಂಗಡಿಗೆ ಯಾರು ಹೋದರು, ಯಾರು ಬಂದರು ಎಂದು ನೋಡುವುದೇ ಕೆಲಸ. ಊಟ ತರುತ್ತಿದ್ದ ಹೆಂಡತಿ ಸುಬ್ಬಲಕ್ಷ್ಮಿ, "ನೋಡಿ ನೋಡಿ ನಿಮ್ಮ ಕುತ್ತಿಗೆ ಅತ್ತಲೇ ತಿರುಗಿ ನಿಂತೀತು. ಮತ್ತೆ ಎಣ್ಣೆ ತಿಕ್ಕಲಿಕ್ಕೆ ನನಗೆ ಪುರುಸೊತ್ತಿಲ್ಲ" ಎಂದು ಛೇಡಿಸುತ್ತಿದ್ದಳು.

ಅವಳಿಗೇನು ಗೊತ್ತು? ಪ್ರೇಮನಾಥನಿಗೆ ಹೊಲವಿರಲಿಲ್ಲ, ಗಲ್ಫಿಗೆ ಹೋಗಲು ಧೈರ್ಯವಿರಲಿಲ್ಲ. ಅವನಿಗಿದ್ದದ್ದು ಕಪ್ಪು ಒಂದೇ. ಹದಿನೇಳನೆಯ ವಯಸ್ಸಿನಲ್ಲಿ ಮಾವನ ಡಾರ್ಕ್‌ರೂಮಿಗೆ ಹೊಕ್ಕವನು, ಮೂವತ್ತು ವರ್ಷ ರಾಸಾಯನಿಕದ ವಾಸನೆಯ ಕೈಯಲ್ಲೇ ಅನ್ನ ಉಂಡವನು. ನೆಕ್ರಾಜೆ, ಕುಂಬ್ಡಾಜೆಯ ಗುಡ್ಡಗಳಿಗೆ ಸೈಕಲ್ ತಳ್ಳಿಕೊಂಡು ಹೋಗಿ ಅವನು ತೆಗೆದ ಫೋಟೋ ಇಲ್ಲದ ಗೋಡೆ ಆ ಕಡೆಯಲ್ಲಿ ಕಡಿಮೆ. "ಕಪ್ಪು ಅಂದರೆ ಕೈ ಹಾಕಿದರೆ ಮೊಣಕೈವರೆಗೆ ಹೋಗಬೇಕು" ಎನ್ನುವುದು ಅವನ ಮಾತು. ಜನರೂ ಕಪ್ಪು ಅಂದರೆ ಪ್ರೇಮನಾಥಣ್ಣನ ಕಪ್ಪು ಎನ್ನುತ್ತಿದ್ದರು. ಕಾಗದ ಸಿಗದೆ ಡಾರ್ಕ್‌ರೂಮ್ ಮುಚ್ಚಿ ಹನ್ನೆರಡು ವರ್ಷವಾಯಿತು. ಈಗ ಅಲ್ಲಿ ಲ್ಯಾಮಿನೇಶನ್ ಯಂತ್ರ ಇದೆ.

ಹೀಗಿರುವಾಗ ನೆಕ್ರಾಜೆಯ ವಾಚನಾಲಯದ ಕಾರ್ಯದರ್ಶಿ ಜಿತೇಂದ್ರ ಬಂದ. ಊರಿಗಾಗಿ ದುಡಿದ ಹನ್ನೆರಡು ಮಂದಿಯ ಹಳೆಯ ಫೋಟೋಗಳನ್ನು ಸಭಾಂಗಣದಲ್ಲಿ ದೊಡ್ಡದಾಗಿ ಹಾಕಬೇಕೆಂದು ಸಮಿತಿ ನಿಶ್ಚಯಿಸಿತ್ತು. ಹನ್ನೆರಡೂ ಪ್ರೇಮನಾಥ ತೆಗೆದವು. ಅವನ ಮುಖ ಅರಳಿತು. ಆದರೆ ಜಿತೇಂದ್ರ ತಲೆ ತುರಿಸಿಕೊಂಡ.

"ಒಂದು ಮಾತು ಉಂಟು, ಪ್ರೇಮನಾಥಣ್ಣ. ಸಮಿತಿಯಲ್ಲಿ ಅರ್ಧ ಜನ ಸಿದ್ದೀಕ್ ಪ್ರಿಂಟ್ ಮಾಡಲಿ ಅಂತ ಹೇಳ್ತಾರೆ. ನೀವಿಬ್ಬರೂ ಒಂದೇ ನೆಗೆಟಿವಿನಿಂದ ಒಂದೊಂದು ಮಾಡಿ ಕೊಡಿ. ಹೆಸರು ಬರೆಯುವುದು ಬೇಡ. ಸಭೆ ಯಾವುದನ್ನು ಒಪ್ಪುತ್ತದೋ ಅವರಿಗೇ ಹನ್ನೆರಡೂ."

ತಾನು ತೆಗೆದ ಫೋಟೋವನ್ನು ತಾನೇ ಮುದ್ರಿಸಲು ಪರೀಕ್ಷೆ ಬರೆಯಬೇಕೆ! ಪ್ರೇಮನಾಥನ ಮೈಯೆಲ್ಲ ಉರಿಯಿತು. ಬೇಡ ಎನ್ನುವಂತಿಲ್ಲ. ಬೇಡವೆಂದರೆ ಹನ್ನೆರಡೂ ಸೀದಾ ರಸ್ತೆ ದಾಟುತ್ತವೆ. ತನ್ನ ಜೀವಮಾನದ ದುಡಿಮೆ ಆ ಮನುಷ್ಯನ ಕೈಯಿಂದ ಗೋಡೆಗೇರುವುದನ್ನು ನೋಡುವುದಕ್ಕಿಂತ ಅಂಗಡಿಗೆ ಬೀಗ ಹಾಕುವುದು ಮೇಲು ಎಂದುಕೊಂಡ.

ಆರಿಸಿದ ನೆಗೆಟಿವ್ ಬಟ್ಯನದ್ದು. ನೀರಿಗಾಗಿ ಗುಡ್ಡದ ಬದಿಯಿಂದ ಅಡ್ಡಕ್ಕೆ ಸುರಂಗ ಕೊರೆಯುವುದರಲ್ಲಿ ಬಟ್ಯನನ್ನು ಮೀರಿದವರಿರಲಿಲ್ಲ. ಮೂವತ್ತೈದು ವರ್ಷಗಳ ಹಿಂದೆ ಸುರಂಗದ ಬಾಯಲ್ಲಿ ಹಾರೆ ಹಿಡಿದು ನಿಂತ ಬಟ್ಯ. ಹಿಂದೆ ಸುರಂಗದ ಕತ್ತಲೆ. ಪ್ರೇಮನಾಥನ ಕಪ್ಪಿಗೆ ಹೆಸರು ಬಂದದ್ದೇ ಆ ಚಿತ್ರದಿಂದ. ಕಂಪ್ಯೂಟರಿಗೆ ಇಳಿಸಿಕೊಳ್ಳಲು ನೆಗೆಟಿವನ್ನು ಎರಡು ದಿನ ಜಿತೇಂದ್ರನ ಕೈಯಲ್ಲಿ ಸಿದ್ದೀಕನಿಗೆ ಕಳುಹಿಸಬೇಕಾದಾಗ ಹೆಣ್ಣು ಒಪ್ಪಿಸಿ ಕೊಟ್ಟಷ್ಟು ಸಂಕಟಪಟ್ಟ.

ಇನ್ನು ಇಂಕು. ಪ್ರೇಮನಾಥನ ಪ್ರಿಂಟರ್ ಬಣ್ಣದ ಇಂಕುಗಳನ್ನೇ ಬೆರೆಸಿ ಬೂದು ಬರಿಸುವಂಥದ್ದು. ಪಾಸ್‌ಪೋರ್ಟ್ ಫೋಟೋಗೆ ಅದು ಧಾರಾಳವಾಯಿತು. ಇದಕ್ಕೆ ಬೇರೆಯೇ ಬೇಕೆಂದು ಮಂಗಳೂರಿನ ಬಸ್ಸು ಹತ್ತಿದ. ಇಂಕು ಮಾರುವ ತುಷಾರ್ ಒಂದು ಪೆಟ್ಟಿಗೆ ತೆಗೆದಿಟ್ಟ. ಅದರಲ್ಲಿ ಬಣ್ಣವೇ ಇಲ್ಲ. ಒಂದು ಕಪ್ಪು, ಮತ್ತೆ ದಟ್ಟದಿಂದ ತೆಳುವಿನವರೆಗೆ ನಾಲ್ಕು ಬೂದು.

"ಬ್ಲ್ಯಾಕ್ ಆಂಡ್ ವೈಟಿಗೆ ಇದೇ ಸರಿ, ಸರ್. ಬಣ್ಣ ಬೆರೆಸಿದ ಬೂದು ಬಿಸಿಲಿಗೆ ಒಂದು ತರ ಕಾಣುತ್ತದೆ, ಟ್ಯೂಬ್‌ಲೈಟಿಗೆ ಇನ್ನೊಂದು ತರ. ಇದು ಎಲ್ಲಿಟ್ಟರೂ ಒಂದೇ. ಕತ್ತಲೆ ಜಾಗದಲ್ಲಿ ಸಹ ಒಳಗಿನದ್ದೆಲ್ಲ ಬಿಡಿಸಿ ಬರುತ್ತದೆ."

ಪ್ರೇಮನಾಥ ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮನಸ್ಸಿಗೆ ಬಂತು. ಕಿಸೆಗೆ ಕೈ ಹಾಕುವಷ್ಟರಲ್ಲಿ ತುಷಾರ್, "ನಿಮ್ಮೂರಿನ ಸಿದ್ದೀಕಾಕ ಸಹ ಇದನ್ನೇ ಕೊಂಡುಹೋಗುವುದು" ಎಂದುಬಿಟ್ಟ.

"ಹಾಗಾದರೆ ನನಗೆ ಬೇಡ."

"ಎಂತಕ್ಕೆ ಸರ್?"

"ಬೇಡ ಅಂದರೆ ಬೇಡ. ಅವನು ಹಾಕಿದ್ದನ್ನು ನಾನು ಹಾಕುವುದಾ? ನಾನು ಕಪ್ಪು ಮಾಡಲಿಕ್ಕೆ ಶುರು ಮಾಡುವಾಗ ಅವನು ಚಡ್ಡಿ ಹಾಕುತ್ತಿದ್ದ!"

ಹಳೆಯ ಬಣ್ಣದ ಇಂಕಿನದ್ದೇ ಹೊಸ ಬಾಟಲಿಗಳನ್ನು ಕಟ್ಟಿಸಿಕೊಂಡು ಬಂದ. ನೋಡಿ, ಹೊಟ್ಟೆಕಿಚ್ಚು ಹೀಗೆ, ಸರಿಯಾದದ್ದು ಕೈಯಲ್ಲಿದ್ದರೂ ಕೆಳಗಿಡಿಸುತ್ತದೆ. ಒಂಬತ್ತು ದಿನ ಪ್ರಿಂಟ್ ಹಾಕಿ ಹಾಕಿ ಹರಿದ. ಸುರಂಗದ ಕತ್ತಲೆಯನ್ನು ಗಟ್ಟಿ ಮಾಡಿದ, ಇನ್ನೂ ಗಟ್ಟಿ ಮಾಡಿದ. ಕೊನೆಗೆ ಒಂದನ್ನು ಸ್ಟುಡಿಯೋದ ಬಾಗಿಲಲ್ಲಿ ಬೆಳಗಿನ ಬಿಸಿಲಿಗೆ ಹಿಡಿದಾಗ, ಆಹಾ, ಹಳೆಯ ಪ್ರೇಮನಾಥನೇ ಎನಿಸಿತು. ನೆಗೆಟಿವಿನಲ್ಲಿ ಬಟ್ಯನ ಭುಜದ ಬಳಿ ಒಂದು ಗೀರಿತ್ತು. ಪ್ರಿಂಟಿನ ಮೇಲೆ ಅದನ್ನು ಸಪೂರ ಬ್ರಷ್ಷಿನಿಂದ ಮುಚ್ಚಿ ಜಿತೇಂದ್ರನಿಗೆ ಕಳುಹಿಸಿದ.

ಭಾನುವಾರ ಸಭೆ. ವಾಚನಾಲಯದ ಕಿಟಕಿಗಳಿಗೆಲ್ಲ ಕಪಾಟು ಅಡ್ಡ ನಿಲ್ಲಿಸಿರುವುದರಿಂದ ಅಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್. ಒಂದೇ ಅಳತೆಯ, ಒಂದೇ ಕಟ್ಟಿನ ಎರಡು ಫೋಟೋ ಮೇಜಿನ ಮೇಲೆ ಒರಗಿ ನಿಂತಿದ್ದವು. ಸಮಿತಿಯವರು, ಸಿದ್ದೀಕ್, ಪ್ರೇಮನಾಥ. ಮುಂದಿನ ಕುರ್ಚಿಯಲ್ಲಿ ಬಟ್ಯನ ಹೆಂಡತಿ ಅಮ್ಮಣ್ಣಿ. ಎಪ್ಪತ್ತೈದರ ಹತ್ತಿರದ ಮುದುಕಿಯನ್ನು ಜಿತೇಂದ್ರನೇ ಆಟೋದಲ್ಲಿ ಕರೆತಂದಿದ್ದ.

ಎಡಗಡೆಯ ಫೋಟೋವನ್ನು ಕಂಡದ್ದೇ ಪ್ರೇಮನಾಥನ ಒಳಗೆ ಹಬ್ಬ. ಬಟ್ಯನ ಮುಖದ ಮೇಲೆ ಹಸಿರು! ಸಿದ್ದೀಕ್ ಎಡವಿದ್ದಾನೆ! ವರ್ಷದಿಂದ ತಡೆದಿಟ್ಟದ್ದು ಬಾಯಿಗೆ ಬಂತು.

"ಇದೆಂತ ಇದು? ಬಟ್ಯನಿಗೆ ಅರಸಿನ ಕಾಮಾಲೆಯಾ? ನೋಡಿ, ಕೆನ್ನೆ ನೋಡಿ, ಹಾವಸೆ ಹಿಡಿದ ಕಲ್ಲಿನ ಹಾಗೆ ಉಂಟು. ಇದನ್ನು ಮಾಡಿದವನಿಗೆ ಇಂಕಿನ ಗಂಧಗಾಳಿ ಇಲ್ಲ. ಇಂಥದ್ದನ್ನು ಗೋಡೆಗೆ ಹಾಕುವ ಬದಲು..." ಎನ್ನುತ್ತ ಬೆರಳು ತೋರಿಸಲು ಹತ್ತಿರ ಬಾಗಿದ.

ಭುಜದ ಬಳಿ ಬ್ರಷ್ಷಿನ ಗುರುತು. ತನ್ನದೇ ಕೈ. ಬಿಸಿಲಿಗೆ ಸರಿಯಿದ್ದದ್ದು ಈ ಟ್ಯೂಬ್‌ಲೈಟಿಗೆ ಹಸಿರಾಗಿತ್ತು.

ಚಾಚಿದ ಬೆರಳನ್ನು ಮಡಚಿಕೊಂಡ. ತಲೆ ಎತ್ತಿದರೆ ಸಿದ್ದೀಕ್ ಅವನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಗಿತ್ತು. ಉಳಿದವರಿಗೆ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಅಮ್ಮಣ್ಣಿ ಎದ್ದು ಬಲಗಡೆಯ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. "ಅಯ್ಯಯ್ಯೋ! ಇದರಲ್ಲಿ ನಾನಿದ್ದೇನೆ!" ಎಂದಳು.

ಎಲ್ಲರೂ ಮುತ್ತಿದರು. ನಿಜ. ಬಟ್ಯನ ಹಿಂದೆ ಸುರಂಗದ ಕತ್ತಲೆಯೊಳಗೆ, ಬೂದಿನಲ್ಲಿ ಬೂದಾಗಿ, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಬಗ್ಗಿ ಬರುತ್ತಿರುವ ಒಬ್ಬ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೂ ಕಾಣುತ್ತಿತ್ತು.

"ಅಗೆದದ್ದು ಅವರು, ಮಣ್ಣು ಹೊತ್ತದ್ದು ನಾನು. ಒಂದೊಂದು ಸುರಂಗದಿಂದ ಎಷ್ಟು ಸಾವಿರ ಬುಟ್ಟಿಯೋ! ಆದರೆ ಎಲ್ಲರೂ ಬಟ್ಯನ ಸುರಂಗ ಅಂತಲೇ ಹೇಳುವುದು" ಎಂದು ಅಮ್ಮಣ್ಣಿ ಕಣ್ಣೊರೆಸಿಕೊಂಡಳು. "ಯಾರು ಮಾಡಿದ್ದು ಮಕ್ಕಳೇ ಇದನ್ನು?"

ಜಿತೇಂದ್ರ ಇಬ್ಬರನ್ನೂ ನೋಡಿದ. ಸಿದ್ದೀಕ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಆ ಹಸಿರಾದದ್ದು ನನ್ನದು. ಪ್ರೇಮಣ್ಣ ಹೇಳಿದ್ದು ಸರಿ, ಇಂಕು ತಪ್ಪಿತು" ಎಂದ.

ಚಪ್ಪಾಳೆ ಬಿತ್ತು. ಯಾರೋ ಪ್ರೇಮನಾಥನ ಬೆನ್ನು ತಟ್ಟಿದರು. ಅಮ್ಮಣ್ಣಿ ಅವನ ಎರಡೂ ಕೈ ಹಿಡಿದು, "ಫೋಟೋದಣ್ಣ, ಇಷ್ಟು ವರ್ಷ ನನ್ನನ್ನು ಜೋಪಾನ ಮಾಡಿದ್ದೀರಿ" ಎಂದಳು. ಹನ್ನೆರಡೂ ಪ್ರೇಮನಾಥನಿಗೇ ಸಿಕ್ಕಿದ್ದವು. ಸುಮ್ಮನಿದ್ದರೆ ಸಾಕು, ಆಯಿತು.

ಸತ್ಯ ಹೇಳಬೇಕೆಂದು ಅವನಿಗೆ ಅನಿಸಿತು ಎಂದು ಯಾರೂ ತಿಳಿಯಬೇಡಿ. ಅನಿಸಿದ್ದು ಬೇರೆ. ಕೈಕೆಲಸದಲ್ಲಿ ಈ ಸಿದ್ದೀಕನೇ ಮೇಲು, ಈಗ ದೊಡ್ಡ ಮನಸ್ಸಿನಲ್ಲೂ ಇವನೇ ಮೇಲಾಗಬೇಕೆ? ಇನ್ನು ಸಾಯುವವರೆಗೆ ರಸ್ತೆಯ ಆಚೆಯಿಂದ ಇವನು ಕೈ ಎತ್ತುವುದು, ತಾನು ಇವನು ಬಿಟ್ಟುಕೊಟ್ಟದ್ದನ್ನು ಉಣ್ಣುವುದು! ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು.

"ಸುಳ್ಳು!" ಎಂದು ಕೂಗಿದ. "ಸುಳ್ಳು ಹೇಳ್ತಾನೆ ಇವನು! ಹಸಿರಾದದ್ದು ನನ್ನದು. ಒಳ್ಳೆಯದು ಇವನದ್ದು. ನನಗೆ ಯಾರು ಧರ್ಮಕ್ಕೆ ಕೊಟ್ಟದ್ದೂ ಬೇಡ!"

ಚಪ್ಪಾಳೆ ನಿಂತಿತು. ಸಿದ್ದೀಕ್ ನೆಲ ನೋಡಿದ. ಅಮ್ಮಣ್ಣಿ ಮಾತ್ರ ಹಿಡಿದ ಕೈ ಬಿಡದೆ ಎಡಗಡೆಯ ಫೋಟೋದ ಕಡೆ ತಿರುಗಿದಳು. ಸುರಂಗದ ಕಪ್ಪನ್ನು ತುಂಬ ಹೊತ್ತು ಹುಡುಕಿದಳು.

"ನಿಮ್ಮದರಲ್ಲಿ ನಾನು ಎಲ್ಲಿದ್ದೇನೆ ಫೋಟೋದಣ್ಣ?"

ಮೊಣಕೈವರೆಗೆ ಕೈ ಹೋಗುವಂಥ ಕಪ್ಪು. ಅಲ್ಲಿ ಏನೂ ಇರಲಿಲ್ಲ. ಹಳೆಯ ಪ್ರಿಂಟುಗಳಲ್ಲೂ ಇರಲಿಲ್ಲ. ಕ್ಯಾಮೆರಾ ಹಿಡಿದು ನಿಂತಾಗ ಎದುರಿಗೇ ಬರುತ್ತಿದ್ದವಳನ್ನು ಅವನೇ ಮೂವತ್ತೈದು ವರ್ಷ, ಅದೂ ಹೆಮ್ಮೆಯಿಂದ, ಮುಚ್ಚಿಹಾಕಿದ್ದ.

"ಇಲ್ಲ ಅಮ್ಮಣ್ಣಿಯಕ್ಕ. ನಾನು ನಿಮ್ಮನ್ನು ನೋಡಲೇ ಇಲ್ಲ" ಎಂದ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಪ್ರೇಮನಾಥ ಮೊದಲ ಬಾರಿಗೆ ರಸ್ತೆ ದಾಟಿದ. ಹೊಟ್ಟೆಕಿಚ್ಚು ಇಳಿದಿರಲಿಲ್ಲ, ಇಳಿಯುವುದೂ ಇಲ್ಲ. ಮುಖ ಗಂಟಿಕ್ಕಿಕೊಂಡೇ ಉಳಿದ ಹನ್ನೊಂದು ನೆಗೆಟಿವುಗಳ ಲಕೋಟೆಯನ್ನು ಸಿದ್ದೀಕನ ಮೇಜಿನ ಮೇಲೆ ಇಟ್ಟ.

"ತೆಗೆದದ್ದು ನಾನೇ, ಅದನ್ನು ಮರೆಯಬೇಡ" ಎಂದ. ಸ್ಟೂಲು ಎಳೆದು ಪ್ರಿಂಟರಿನ ಎದುರಿಗೇ ಕುಳಿತ. "ಹಾಕು ನಿನ್ನ ಇಂಕು. ಇನ್ನು ಯಾರ್ಯಾರು ಇದ್ದಾರೆ ನೋಡುವ."